ಸಹಿ ಬೀಳಬೇಕಾದದ್ದು ಟ್ಯಾಂಕಿನ ಪಕ್ಕದಲ್ಲಿ

ಯಾವುದಾದರೂ ರಾಸಾಯನಿಕ ಕಾರ್ಖಾನೆಯ ಸುರಕ್ಷತೆ ಹೇಗಿದೆ ಎಂದು ತಿಳಿಯಬೇಕಾದಾಗ ನಾನು ಗೇಟಿನ ಬಳಿ ಹಾಕಿರುವ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕವನ್ನಾಗಲಿ, ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಹೊಸ ಹೆಲ್ಮೆಟ್ ತೊಟ್ಟು ತೆಗೆಸಿಕೊಂಡ ಗುಂಪು ಫೋಟೋವನ್ನಾಗಲಿ ನೋಡುವುದಿಲ್ಲ. ಕಳೆದ ವಾರ ರಿಪೇರಿ ಕೆಲಸಗಳಿಗೆ ಮೊದಲು ಬರೆದುಕೊಟ್ಟ ಅನುಮತಿ ಪತ್ರಗಳ, ಅಂದರೆ ವರ್ಕ್ ಪರ್ಮಿಟ್‌ಗಳ ಕಟ್ಟನ್ನು ತರಿಸಿಕೊಳ್ಳುತ್ತೇನೆ. ಎಲ್ಲ ಹಾಳೆಗಳಲ್ಲೂ ಒಂದೇ ಪೆನ್ನು, ಒಂದೇ ಕೈಬರಹ, ಟ್ಯಾಂಕಿನೊಳಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9, ಸ್ಫೋಟಕ ಅನಿಲ ಸೊನ್ನೆ, ಹೈಡ್ರೋಜನ್ ಸಲ್ಫೈಡ್ ಸೊನ್ನೆ ಎಂಬ ಅದೇ ಅಂಕಿಗಳು. ಎಲ್ಲಕ್ಕೂ ಬೆಳಿಗ್ಗೆ ಒಂಬತ್ತೂಕಾಲರ ಸಮಯ. ಹೀಗಿದ್ದರೆ, ಅದನ್ನು ಬರೆದವರು ಟ್ಯಾಂಕಿನ ಹತ್ತಿರ ಹೋಗಿಯೇ ಇಲ್ಲ ಎಂದು ತಿಳಿಯಲು ಪತ್ತೇದಾರಿಕೆಯೇನೂ ಬೇಕಿಲ್ಲ.

ಈ ಕ್ಷೇತ್ರದ ಹೊರಗಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಂತ್ರವನ್ನು ನಡೆಸುವವರು ಉತ್ಪಾದನಾ ವಿಭಾಗದವರು, ಬಿಚ್ಚಿ ರಿಪೇರಿ ಮಾಡುವವರು ನಿರ್ವಹಣಾ ವಿಭಾಗದವರು ಅಥವಾ, ಈಗೀಗ ಹೆಚ್ಚಾಗಿ, ಗುತ್ತಿಗೆ ಕಾರ್ಮಿಕರು. ಪೈಪಿನೊಳಗೆ ಏನಿದೆ ಎಂಬುದು ಮೊದಲನೆಯವರಿಗೆ ಗೊತ್ತು. ಸ್ಪ್ಯಾನರ್ ಹಿಡಿದು ಅದನ್ನು ಬಿಚ್ಚುವವರು ಎರಡನೆಯವರು. ಪಂಪಿನ ವಿದ್ಯುತ್ ತೆಗೆದು ಬೀಗ ಹಾಕಲಾಗಿದೆ, ಲೈನಿನಲ್ಲಿ ಆ್ಯಸಿಡ್ ಉಳಿದಿಲ್ಲ, ಪೈಪಿನ ಇಂಥ ಜೋಡಣೆಯಲ್ಲಿ (ಫ್ಲ್ಯಾಂಜ್) ದಾರಿ ಪೂರ್ತಿ ಮುಚ್ಚುವ ಲೋಹದ ತಟ್ಟೆ (ಬ್ಲೈಂಡ್) ಹಾಕಿದೆ ಎಂದು ಮೊದಲನೆಯವರು ಎರಡನೆಯವರಿಗೆ ಬರೆದುಕೊಡುವ ಮಾತೇ ಪರ್ಮಿಟ್. ಬ್ಲೈಂಡ್ ಏಕೆ, ವಾಲ್ವ್ ಮುಚ್ಚಿದರೆ ಸಾಲದೇ ಎಂದು ಹೊಸದಾಗಿ ಸೇರಿದ ಎಂಜಿನಿಯರುಗಳು ಕೇಳುತ್ತಾರೆ. ಸಾಲದು. ಹಳೆಯ ವಾಲ್ವ್‌ಗಳು ಪೂರ್ತಿ ತಿರುಗಿಸಿದ ಮೇಲೂ ಒಳಗೊಳಗೇ ಸೋರುತ್ತಿರುತ್ತವೆ, ಮತ್ತು ಅದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಈ ಬರಹದ ಮಾತು ದಾರಿಯಲ್ಲಿ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ನಡೆದದ್ದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಕಂಡೆನ್ಸೇಟ್ (ಅನಿಲದಿಂದ ಬೇರ್ಪಟ್ಟ, ಬೇಗ ಹೊತ್ತಿಕೊಳ್ಳುವ ದ್ರವ) ಸಾಗಿಸುವ ಎರಡು ಪಂಪುಗಳಿದ್ದವು. ‘ಎ’ ಪಂಪಿನ ಸೇಫ್ಟಿ ವಾಲ್ವನ್ನು ಪರೀಕ್ಷೆಗಾಗಿ ಹಗಲಿನಲ್ಲಿ ಬಿಚ್ಚಿ, ತೆರೆದ ಬಾಯಿಗೆ ಒಂದು ಬ್ಲೈಂಡ್ ಫ್ಲ್ಯಾಂಜ್ ಕೂರಿಸಿದ್ದರು. ಸಂಜೆಯೊಳಗೆ ವಾಲ್ವನ್ನು ಮರಳಿ ಜೋಡಿಸಲು ಆಗಲಿಲ್ಲ. ಅದೇ ಪಂಪಿನ ದೊಡ್ಡ ರಿಪೇರಿಗೆಂದು ಇನ್ನೊಂದು ಪ್ರತ್ಯೇಕ ಪರ್ಮಿಟ್ ಇತ್ತು, ಆ ಕೆಲಸ ಶುರುವಾಗಿರಲಿಲ್ಲ. ರಾತ್ರಿ ‘ಬಿ’ ಪಂಪು ಕೈಕೊಟ್ಟು ಮತ್ತೆ ಚಾಲೂ ಆಗದಿದ್ದಾಗ ರಾತ್ರಿ ಪಾಳಿಯವರ ಕಣ್ಣಿಗೆ ಬಿದ್ದದ್ದು ಆ ಎರಡನೆಯ ಪರ್ಮಿಟ್ ಮಾತ್ರ. ಪಂಪನ್ನು ಇನ್ನೂ ಬಿಚ್ಚಿಲ್ಲ ಎಂದುಕೊಂಡು ‘ಎ’ ಪಂಪನ್ನು ಚಾಲೂ ಮಾಡಿದರು. ಬ್ಲೈಂಡ್ ಫ್ಲ್ಯಾಂಜಿನ ಸಂದಿನಿಂದ ಹೊರಬಂದ ಅನಿಲಕ್ಕೆ ಬೆಂಕಿ ತಗುಲಿತು. ನೀರಿನಲ್ಲಿ ಮುಳುಗುಗಾರರು ಕೆಲಸ ಮಾಡುವಾಗ ಅಪಾಯವಾಗಬಾರದೆಂದು ಸಮುದ್ರದ ನೀರನ್ನು ಸೆಳೆದು ಬೆಂಕಿ ಆರಿಸುವ ಪಂಪುಗಳನ್ನು ಕೈಯಿಂದ ಮಾತ್ರ ಚಾಲೂ ಆಗುವಂತೆ ಇಟ್ಟಿದ್ದರು. ಆ ರಾತ್ರಿ ಅಲ್ಲಿಗೆ ಯಾರಿಗೂ ತಲುಪಲಾಗಲಿಲ್ಲ. 167 ಜನ ಸತ್ತರು. ಲಾರ್ಡ್ ಕಲ್ಲನ್ ಅವರ ವಿಚಾರಣಾ ವರದಿ 106 ಶಿಫಾರಸುಗಳನ್ನು ಮಾಡಿತು. ನಾನು ಇದರಲ್ಲಿ ಮುಖ್ಯವೆಂದು ನೋಡುವುದು ಒಂದು ಸಣ್ಣ ಸಂಗತಿಯನ್ನು: ಸೇಫ್ಟಿ ವಾಲ್ವ್ ಬಿಚ್ಚಿದ ಕೆಲಸಕ್ಕೂ ನಿಯಮದಂತೆ ಪರ್ಮಿಟ್ ಇತ್ತು. ಪಂಪನ್ನು ಚಾಲೂ ಮಾಡುವವರು ಅದನ್ನು ನೋಡಿರಲಿಲ್ಲ, ಪಾಳಿ ಬದಲಾಗುವಾಗ ಅದರ ವಿಷಯ ಯಾರೂ ಹೇಳಿರಲಿಲ್ಲ.

ಪಂಪಿಗಿಂತ ಹೆಚ್ಚಾಗಿ ನಮ್ಮಲ್ಲಿ ಜನರನ್ನು ಬಲಿ ತೆಗೆದುಕೊಳ್ಳುವುದು ಟ್ಯಾಂಕು ಮತ್ತು ಗುಂಡಿಗಳು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಸತ್ತರು. ಒಬ್ಬ ಬಿದ್ದ, ಉಳಿದವರು ಅವನನ್ನು ಎತ್ತಲು ಇಳಿದರು. ಇಂಥ ಸುದ್ದಿ ಓದಿದಾಗಲೆಲ್ಲ ‘ನಿರ್ಲಕ್ಷ್ಯ’ ಎಂಬ ಪದ ಬರುತ್ತದೆ; ಸತ್ತವರ ಮಟ್ಟಿಗೆ ಅದು ಅನ್ಯಾಯ. ಜೊತೆಯವನು ಕಣ್ಣೆದುರು ಕುಸಿದಾಗ ಸುಮ್ಮನೆ ನಿಲ್ಲುವವರು ವಿರಳ. ಹೈಡ್ರೋಜನ್ ಸಲ್ಫೈಡ್ ಮೊದಲಿಗೆ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ಮುಟ್ಟುವ ಹೊತ್ತಿಗೆ ಮೂಗಿನ ಶಕ್ತಿಯೇ ಸತ್ತು ವಾಸನೆ ತಿಳಿಯದಂತಾಗುತ್ತದೆ, ಕೆಳಗಿಳಿದವನು ‘ಈಗ ಪರವಾಗಿಲ್ಲ’ ಎಂದುಕೊಳ್ಳುತ್ತಾನೆ. ನೈಟ್ರೋಜನ್‌ಗಂತೂ ವಾಸನೆಯೇ ಇಲ್ಲ. ಅದು ತುಂಬಿದ ಟ್ಯಾಂಕಿನಲ್ಲಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ.

ಪರೀಕ್ಷೆ ಮಾಡುವ ಕ್ರಮವನ್ನು ನೋಡಿ. ಗ್ಯಾಸ್ ಡಿಟೆಕ್ಟರನ್ನು ಮ್ಯಾನ್‌ಹೋಲಿನ ಬಾಯಿಗೆ ಹಿಡಿದು ‘ಓಕೆ’ ಎನ್ನುವುದು ಎಷ್ಟೋ ಕಡೆ ನಡೆಯುವ ಪದ್ಧತಿ. ಆದರೆ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಅದು ತಳದಲ್ಲಿ ಕೂತಿರುತ್ತದೆ. ಉದ್ದನೆಯ ಟ್ಯೂಬನ್ನು ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು. ಗಾಳಿ ಟ್ಯೂಬಿನೊಳಗಿಂದ ಏರಿ ಯಂತ್ರ ಮುಟ್ಟುವವರೆಗೆ ಕಾಯಬೇಕು. ಊಟಕ್ಕೆ ಹೋಗಿ ಬಂದ ಮೇಲೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ತಳದ ಕೆಸರನ್ನು ಕಾಲಿನಿಂದ ಕಲಕಿದೊಡನೆ ಅದರಲ್ಲಿ ಸಿಲುಕಿದ್ದ ಅನಿಲ ಏಳುತ್ತದೆ. ಇಳಿದವನ ಸೊಂಟದ ಬೆಲ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗಿನವನೊಬ್ಬ ಹಿಡಿದಿರಬೇಕು ಎಂಬ ಮಾತು 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ನಿನಲ್ಲೇ ಇತ್ತು. ನಾವು ಕಾನೂನಿನ ಕೊರತೆಯಿಂದ ಸಾಯುತ್ತಿಲ್ಲ. ಹಗ್ಗ ಹಿಡಿಯಲು ನಿಲ್ಲಿಸಿದವನನ್ನು ಮೇಸ್ತ್ರಿ ‘ಸುಮ್ಮನೆ ನಿಂತಿದ್ದೀಯಲ್ಲ’ ಎಂದು ಪೈಪು ಹೊರಲು ಕಳುಹಿಸುವುದರಿಂದ ಸಾಯುತ್ತಿದ್ದೇವೆ.

ಇನ್ನು ಪರ್ಮಿಟ್ಟಿನ ಭಾಷೆ. ಇಳಿಯುವವನು ಒಡಿಶಾದವನೋ ಬಿಹಾರದವನೋ ರಾಯಚೂರಿನವನೋ ಆಗಿರುತ್ತಾನೆ, ಫಾರಂ ಇಡಿಯಾಗಿ ಇಂಗ್ಲಿಷಿನಲ್ಲಿರುತ್ತದೆ, ಅವನ ಪರವಾಗಿ ಸೂಪರ್‌ವೈಸರ್ ಸಹಿ ಹಾಕುತ್ತಾನೆ. ಎಚ್ಚರಿಕೆಯ ಮಾತು ತಲುಪಬೇಕಾದ ಏಕೈಕ ವ್ಯಕ್ತಿಯನ್ನು ಬಿಟ್ಟು ಉಳಿದೆಲ್ಲರಿಗೂ ತಲುಪಿರುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಕನ್ನಡ ಮತ್ತು ಹಿಂದಿಯಲ್ಲಿ ಫಾರಂ ಅಚ್ಚು ಹಾಕಿಸೋಣ ಎಂದಾಗ, ಆಡಿಟ್‌ನವರಿಗೆ ಅರ್ಥವಾಗುವುದಿಲ್ಲ ಎಂಬ ಉತ್ತರ ಬಂತು. ಆಡಿಟ್‌ನವರು ಟ್ಯಾಂಕಿಗೆ ಇಳಿಯುವುದಿಲ್ಲವಲ್ಲ!

ಪರ್ಮಿಟ್ಟಿನಷ್ಟೇ ಮುಖ್ಯವಾದ ಮತ್ತೊಂದು ಪುಸ್ತಕವಿದೆ: ಯಾವ ರಕ್ಷಣಾ ಸಾಧನ ಸದ್ಯಕ್ಕೆ ಬಂದ್ ಆಗಿದೆ, ಯಾರು ಬಂದ್ ಮಾಡಿದರು, ಎಂದಿನವರೆಗೆ ಎಂದು ಬರೆದಿಡುವ ಬೈಪಾಸ್ ರಿಜಿಸ್ಟರ್. 1984ರ ಡಿಸೆಂಬರಿನ ಆ ರಾತ್ರಿ ಭೋಪಾಲದಲ್ಲಿ ಮಿಥೈಲ್ ಐಸೊಸಯನೇಟ್ ಟ್ಯಾಂಕನ್ನು ತಂಪಾಗಿಡುವ ಶೀತಲ ಯಂತ್ರ ತಿಂಗಳುಗಳಿಂದ ಬಂದ್ ಆಗಿತ್ತು, ಸೋರಿದ ಅನಿಲವನ್ನು ಸುಟ್ಟುಹಾಕುವ ಫ್ಲೇರ್ ಗೋಪುರದ ಪೈಪು ರಿಪೇರಿಗೆಂದು ಬಿಚ್ಚಿತ್ತು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ 12 ಜನರನ್ನು ಕೊಂದ ಸ್ಟೈರೀನ್ (ಪ್ಲಾಸ್ಟಿಕ್ ತಯಾರಿಸುವ ರಾಸಾಯನಿಕ) ಟ್ಯಾಂಕಿನ ಶೀತಲೀಕರಣವನ್ನು ರಾತ್ರಿ ನಿಲ್ಲಿಸುವ ರೂಢಿಯಿತ್ತು. ಅಲ್ಲಿ ಉಷ್ಣತೆ ಅಳೆಯುವ ಸಾಧನ ಇದ್ದದ್ದು ತಳದಲ್ಲಿ ಮಾತ್ರ, ಮೇಲಿನ ಪದರ ಕಾಯುತ್ತಿದ್ದುದು ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಕಾಣುವಂತಿರಲಿಲ್ಲ. ಈ ಎರಡೂ ಕಡೆ ಹೆಲ್ಮೆಟ್ಟು, ಬೂಟು, ಕೈಗವಸುಗಳಿಂದ ಏನೂ ಆಗುತ್ತಿರಲಿಲ್ಲ. ಬೆರಳಿನ ಗಾಯಗಳನ್ನು ಎಣಿಸಿ ಬಹುಮಾನ ಕೊಡುವ ಕಾರ್ಖಾನೆಗಳು ಟ್ಯಾಂಕಿನ ಉಷ್ಣತೆಯನ್ನು ಎಣಿಕೆಗೆ ತೆಗೆದುಕೊಳ್ಳದಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇದಕ್ಕೆಲ್ಲ ಈಗ ಟ್ಯಾಬ್‌ನಲ್ಲಿ ಪರ್ಮಿಟ್ ಕೊಡುವ ಸಾಫ್ಟ್‌ವೇರ್ ಬಂದಿದೆಯಲ್ಲ ಎನ್ನುತ್ತಾರೆ. ಬಂದಿದೆ, ಹಾಳೆ ಕಳೆದುಹೋಗುವುದು ತಪ್ಪಿದೆ. ಆದರೆ ಮೊದಲು ಟೇಬಲ್ಲಿನ ಮೇಲೆ ಬೀಳುತ್ತಿದ್ದ ಸಹಿ ಈಗ ಕ್ಯಾಂಟೀನಿನಿಂದಲೂ ಬೀಳಬಹುದು. ಒಂದೇ ಬೆಳಿಗ್ಗೆ ರಾಶಿ ಪರ್ಮಿಟ್ ಕೊಡಬೇಕಾದ ಒಬ್ಬ ಪಾಳಿ ಅಧಿಕಾರಿಯನ್ನು ಬೈದೂ ಪ್ರಯೋಜನವಿಲ್ಲ. ಪ್ರತಿ ಟ್ಯಾಂಕಿನ ಬಳಿಗೆ ಹೋಗಲು ಅವನಿಗೆ ಕಾಲಿಲ್ಲವೆಂದಲ್ಲ, ಹೊತ್ತಿಲ್ಲ. ಒಬ್ಬರು ಒಂದು ಪಾಳಿಯಲ್ಲಿ ನಡೆದುಹೋಗಿ ನೋಡಬಹುದಾದಷ್ಟೇ ಪರ್ಮಿಟ್ ಕೊಡಬೇಕು, ಉಳಿದ ಕೆಲಸ ನಾಳೆಗೆ ಹೋಗಲಿ ಎಂದು ಮ್ಯಾನೇಜರ್ ಹೇಳಬೇಕು.

ಕೊನೆಯದಾಗಿ, ಯಾವ ಸುರಕ್ಷತಾ ಕೈಪಿಡಿಯಲ್ಲೂ ನಾನು ಕಾಣದ ಒಂದು ವಿಷಯ: ಕಂಪನಿ ಬಸ್ಸು. ರಾತ್ರಿ ಹತ್ತಕ್ಕೆ ಪಾಳಿ ಮುಗಿಯುತ್ತದೆ, ಹತ್ತೂ ಹತ್ತಕ್ಕೆ ಬಸ್ಸು ಹೊರಡುತ್ತದೆ. ಬಟ್ಟೆ ಬದಲಿಸಿ, ಪಂಚ್ ಮಾಡಿ, ಗೇಟು ದಾಟುವ ಆ ಹತ್ತು ನಿಮಿಷದಲ್ಲಿ ಯಾವ ವಾಲ್ವ್ ಬಿಚ್ಚಿದೆ, ಯಾವ ಅಲಾರಂ ಬಂದ್ ಇದೆ ಎಂಬುದನ್ನು ಹೋಗುವವನು ಬರುವವನಿಗೆ ಹೇಳಬೇಕು. ಹೇಳುವುದೂ ಉಂಟು, ಬೂಟು ಬಿಚ್ಚುತ್ತ, ಲಾಕರಿನ ಮುಂದೆ. ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಡಲಿ, ಇಬ್ಬರೂ ಜೊತೆಯಾಗಿ ಪ್ಲಾಂಟಿನಲ್ಲಿ ಒಂದು ಸುತ್ತು ಹಾಕಲಿ, ಆ ಇಪ್ಪತ್ತು ನಿಮಿಷಕ್ಕೆ ಓವರ್‌ಟೈಮ್ ಕೊಡಿ ಎಂದು ಕೇಳಿದಾಗ ಖರ್ಚಿನ ಪಟ್ಟಿ ಮುಂದಿಡುವ ಲೆಕ್ಕಪತ್ರ ವಿಭಾಗದವರು, ಮಾರ್ಚ್ 4ರ ಶಾಮಿಯಾನಕ್ಕೂ ಟೀ ಶರ್ಟಿಗೂ ಆದ ಖರ್ಚನ್ನು ಅದೇ ಪಟ್ಟಿಯಲ್ಲಿ ಸೇರಿಸಿ ತೋರಿಸಲಿ, ಆಮೇಲೆ ಮಾತಾಡೋಣ.