ಮಾರ್ಸ್‌ಡೆನ್‌ನಲ್ಲಿ ಏನಿದೆ ಅಂತ ಕೇಳುವವರಿಗೆ

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರಿಗೆ ರಜೆ ಬಂತು ಅಂದರೆ ನೆನಪಾಗುವುದು ನಾಲ್ಕೇ ಜಾಗ. ಲಂಡನ್, ಲೇಕ್ ಡಿಸ್ಟ್ರಿಕ್ಟ್, ಸ್ಟೋನ್‌ಹೆಂಜ್, ಇನ್ನೂ ಹುಮ್ಮಸ್ಸಿದ್ದರೆ ಗಡಿ ದಾಟಿ ಎಡಿನ್‌ಬರೋ. ಒಂದರ ಹಿಂದೆ ಒಂದು ಮೂರು ಕಾರು, ಡಿಕ್ಕಿಯಲ್ಲಿ ಪುಳಿಯೋಗರೆ, ಮೊಸರನ್ನ, ದಾರಿಯಲ್ಲಿ ಮೋಟರ್‌ವೇ ಪಕ್ಕ ಒಂದು ನೀರು ನೀರು ಕಾಫಿ, ಅಲ್ಲಿಗೆ ಹೋದ ಮೇಲೆ ಪಾರ್ಕಿಂಗ್ ಸಿಗದೆ ಅರ್ಧ ಗಂಟೆ ಸುತ್ತು, ಫೋಟೊ, ವಾಪಸ್. ನಾನೂ ಹೋಗಿದ್ದೇನೆ. ಪುಳಿಯೋಗರೆ ಚೆನ್ನಾಗಿರುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ಲೀಡ್ಸ್‌ನಲ್ಲಿ ಇಷ್ಟು ವರ್ಷ ಇದ್ದ ಮೇಲೆ ನನಗೆ ಅನಿಸಿರುವುದೇ ಬೇರೆ. ಈ ದೇಶ ಗೊತ್ತಾಗುವುದು ಸಣ್ಣ ಊರುಗಳಲ್ಲಿ. ಅದೂ ರೈಲಿನಲ್ಲಿ ಹೋಗಿ, ಸ್ಟೇಷನ್ನಿನಿಂದ ನಡೆದುಕೊಂಡು ಊರೊಳಗೆ ಒಂದು ಸುತ್ತು ಹಾಕಿ, ಅಲ್ಲಿನ ಪಬ್‌ನಲ್ಲಿ ಒಂದೆರಡು ಗಂಟೆ ಸುಮ್ನೆ ಕೂತಾಗ.

ಯಾರ್ಕ್‌ಶೈರಿನ ಮಾರ್ಸ್‌ಡೆನ್‌ನಂಥ ಸಣ್ಣ ಊರಿಗೆ ಹೋಗಿ ಬನ್ನಿ ಅಂದ ಕೂಡಲೇ ನಮ್ಮವರು ಕೇಳುವುದು ಒಂದೇ ಪ್ರಶ್ನೆ, ‘ಅಲ್ಲಿ ಏನಿದೆ ನೋಡೋಕೆ?’

ನಮಗೆ ಒಂದು ಊರಿಗೆ ಹೋಗಬೇಕಾದರೆ ಕಾರಣ ಬೇಕು. ಮದುವೆ, ಹರಕೆ, ಸೈಟಿನ ರಿಜಿಸ್ಟ್ರೇಷನ್, ಇಲ್ಲವೇ ಆಸ್ಪತ್ರೆಯಲ್ಲಿರುವ ನೆಂಟರು. ಮಂಡ್ಯದವನು ನಾನು. ಬೆಂಗಳೂರಿಗೆ ಓದಲು ಹೋಗಿ ಬರುವಾಗೆಲ್ಲ ಮದ್ದೂರು ಸ್ಟೇಷನ್ನಿನಲ್ಲಿ ಕಿಟಕಿಯಿಂದ ಕೈ ಚಾಚಿ ವಡೆ ತೆಗೆದುಕೊಳ್ಳುತ್ತಿದ್ದೆ, ಎಲ್ಲರೂ ತೆಗೆದುಕೊಳ್ಳುತ್ತಾರೆ. ಮದ್ದೂರಿನಲ್ಲಿ ಇಳಿದು ಊರು ನೋಡೋಣ ಅಂತ ಒಬ್ಬರಾದರೂ ಅಂದದ್ದನ್ನು ನಾನು ಕೇಳಿಲ್ಲ. ಪಕ್ಕದಲ್ಲೇ ಶಿವಪುರ ಇದೆ. 1938ರಲ್ಲಿ ಮೈಸೂರು ಸರ್ಕಾರ ಬೇಡ ಅಂದರೂ ಕೇಳದೆ ಬಾವುಟ ಹಾರಿಸಿದ ಜಾಗ, ಅದಕ್ಕೊಂದು ಸತ್ಯಾಗ್ರಹ ಸೌಧವೂ ಇದೆ. ವಡೆ ತಿಂದು ಮುಗಿಯುವಷ್ಟರಲ್ಲಿ ರೈಲು ಊರು ದಾಟಿರುತ್ತದೆ. ಇಳಿದರೂ ಅಂತ ಇಟ್ಟುಕೊಳ್ಳಿ, ಕೂರುವುದೆಲ್ಲಿ? ಹೋಟೆಲಿನಲ್ಲಿ ಕಾಫಿ ಲೋಟ ಖಾಲಿಯಾದ ಕ್ಷಣ ಬಟ್ಟೆ ಹಿಡಿದ ಹುಡುಗ ಟೇಬಲ್ ಒರೆಸಲು ಬಂದು ನಿಂತಿರುತ್ತಾನೆ. ದರ್ಶಿನಿಯಲ್ಲಿ ಕುರ್ಚಿಯೇ ಇಲ್ಲ. ಅಶ್ವತ್ಥಕಟ್ಟೆ ಇದೆ ನಿಜ, ಆದರೆ ಪರ ಊರಿನವನು ಅಲ್ಲಿ ಹತ್ತು ನಿಮಿಷ ಕೂತರೆ ‘ಯಾರ ಪೈಕಿ, ಯಾರ ಮನೆಗೆ ಬಂದಿದ್ದು’ ಅನ್ನುವ ವಿಚಾರಣೆ ಶುರುವಾಗುತ್ತದೆ.

ಪಬ್ ಇರುವುದೇ ಇದಕ್ಕೆ. ಒಂದು ಅರ್ಧ ಪೈಂಟ್ ಬಿಯರ್ ತಗೊಂಡು ಮೂಲೆಯಲ್ಲಿ ಕೂತರೆ ಎರಡು ಗಂಟೆ ಯಾರೂ ಏಳಿ ಅನ್ನುವುದಿಲ್ಲ. ಯಾಕೆ ಬಂದಿರಿ ಅಂತಲೂ ಕೇಳುವುದಿಲ್ಲ. ಮಾತು ಬೇಕಾದರೆ ಟೇಬಲ್ ಬಿಟ್ಟು ಕೌಂಟರ್ ಪಕ್ಕ ನಿಲ್ಲಿ, ಹವಾಮಾನದಿಂದ ಶುರುವಾಗಿ ಅವರ ಮೊಣಕಾಲು ಆಪರೇಷನ್‌ವರೆಗೂ ಹೋಗುತ್ತದೆ.

ನನ್ನ ಮೆಚ್ಚಿನ ದಾರಿ ಲೀಡ್ಸ್‌ನಿಂದ ಮ್ಯಾಂಚೆಸ್ಟರ್ ಕಡೆಗೆ ಪೆನೈನ್ ಬೆಟ್ಟ ದಾಟಿ ಹೋಗುವ ಲೈನು. ಈ ದಾರಿಯಲ್ಲಿ ಸ್ಟೇಷನ್ನಿನ ಒಳಗೇ ಪಬ್‌ಗಳಿವೆ. ಹಡರ್ಸ್‌ಫೀಲ್ಡ್‌ನಲ್ಲಂತೂ ಎರಡಿವೆ, ದೊಡ್ಡ ಕಂಬಗಳ ಆ ಸ್ಟೇಷನ್ ಕಟ್ಟಡದ ಎರಡೂ ತುದಿಗೆ ಒಂದೊಂದು. ಆದರೆ ಒಂದೇ ಒಂದು ನೋಡುವುದಾದರೆ ಸ್ಟೇಲಿಬ್ರಿಡ್ಜ್‌ನ ಬಫೆ ಬಾರ್ ನೋಡಿ. ಪ್ಲಾಟ್‌ಫಾರ್ಮ್ ಮೇಲೆ ಇಳಿದರೆ ಬಾಗಿಲು. 1885ರದ್ದು. ಮಾರ್ಬಲ್ ಕಲ್ಲಿನ ಕೌಂಟರ್, ಚಳಿಗಾಲದಲ್ಲಿ ಉರಿಯುವ ಬೆಂಕಿ, ಗೋಡೆ ತುಂಬ ಹಳೇ ರೈಲ್ವೆ ಫೋಟೊ, ಬೋರ್ಡುಗಳು. ಅಲ್ಲಿ ಬ್ಲ್ಯಾಕ್ ಪೀಸ್ ಅಂತ ಒಂದು ಕೊಡುತ್ತಾರೆ. ಕಂದು ಬಣ್ಣದ ಬಟಾಣಿಯನ್ನು ಮೆತ್ತಗೆ ಬೇಯಿಸಿ ವಿನೆಗರ್ ಸುರಿದುಕೊಂಡು ತಿನ್ನುವುದು, ಒಗ್ಗರಣೆ ಮರೆತ ಕಡಲೆ ಉಸ್ಲಿ ಇದ್ದ ಹಾಗೆ. ಮೊದಲ ಚಮಚಕ್ಕೆ ಇದೇನಪ್ಪಾ ಅನಿಸುತ್ತೆ, ಮೂರನೆಯದಕ್ಕೆ ಪರವಾಗಿಲ್ಲ ಅನಿಸುತ್ತೆ. ಸಸ್ಯಾಹಾರಿಗಳಿಗೆ ಇಂಥ ಕಡೆ ಸಿಗುವುದೇ ಕಡಿಮೆ, ಹಾಗಾಗಿ ನಾನು ದೂರುವುದಿಲ್ಲ.

ಅಮ್ಮ ಬಂದಿದ್ದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಮಂಡ್ಯದಲ್ಲಿ ಬಾರ್ ಮುಂದೆ ಹೋಗುವಾಗ ಸೆರಗು ಎಳೆದುಕೊಂಡು ರಸ್ತೆಯ ಆ ಕಡೆಗೆ ದಾಟುವವರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಒಳಗೆ ಕಿಟಕಿ ಪಕ್ಕ ಅವರಷ್ಟೇ ವಯಸ್ಸಿನ ಒಬ್ಬ ಅಜ್ಜಿ, ಮುಂದೆ ಅರ್ಧ ಗ್ಲಾಸ್ ಕಪ್ಪು ಬಿಯರ್, ಕೈಯಲ್ಲಿ ಪೆನ್ನು, ಪೇಪರಿನ ಪದಬಂಧ. ಕಾಲ ಬುಡದಲ್ಲಿ ಮಲಗಿದ್ದ ನಾಯಿ ತಲೆ ಎತ್ತಿ ಅಮ್ಮನ ಚಪ್ಪಲಿ ಮೂಸಿ ಮತ್ತೆ ಮಲಗಿತು. ಅಮ್ಮ ಟೀ ಕುಡಿದರು. ಪಬ್‌ನಲ್ಲಿ ಟೀ ಸಿಗುತ್ತೆ ಅನ್ನುವುದೇ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಆಮೇಲೆ ಹೊರಗೆ ಬಂದು, ‘ಇಷ್ಟೇನಾ? ಇದಕ್ಯಾಕೆ ನಮ್ಮೂರಲ್ಲಿ ಅಷ್ಟು ಕತ್ತಲೆ ಮಾಡಿಟ್ಟಿರ್ತಾರೆ?’ ಅಂದರು.

ಸರಿಯಾದ ಪ್ರಶ್ನೆ ಅಲ್ವಾ? ನಮ್ಮ ಬಾರುಗಳನ್ನು ಕಟ್ಟುವುದೇ ಬಚ್ಚಿಟ್ಟುಕೊಳ್ಳಲು. ಕಪ್ಪು ಗಾಜು, ಹಗಲಲ್ಲೂ ಮಂಕು ಬಲ್ಬು, ಹೆಂಗಸರು ಬಂದರೆ ಬೇರೆ ‘ಫ್ಯಾಮಿಲಿ ರೂಮ್’. ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ದುಡ್ಡು ಬೇಕು, ಆದರೆ ಆ ದುಡ್ಡು ಕೊಡುವವನ ಮುಖ ಯಾರಿಗೂ ಕಾಣಬಾರದು. ಹೀಗೆ ಕದ್ದು ಕುಡಿಯುವಾಗ ಬೇಗ ಏರಬೇಕು, ಬೇಗ ಎದ್ದು ಹೋಗಬೇಕು. ಅದಕ್ಕೇ ನಮ್ಮಲ್ಲಿ 650 ಎಂಎಲ್ ಬಾಟಲಿಯ ಸ್ಟ್ರಾಂಗ್ ಬಿಯರಿಗೆ ಅಷ್ಟು ಗಿರಾಕಿ. ಬಿಟರ್ ಅನ್ನುವ ಇಲ್ಲಿನ ಸಾಮಾನ್ಯ ಬಿಯರ್ 4 ಪರ್ಸೆಂಟ್ ಆಸುಪಾಸು, ನಮ್ಮ ಸ್ಟ್ರಾಂಗ್ ಅದರ ಎರಡರಷ್ಟರ ಹತ್ತಿರ ಹೋಗುತ್ತದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳನ್ನು ತೋರಿಸಿ ‘ನಮ್ಮಲ್ಲೂ ಇದೆಯಲ್ಲ’ ಅನ್ನಬೇಡಿ. ಇಂದಿರಾನಗರದ ಒಂದು ಗ್ಲಾಸಿನ ದುಡ್ಡಿಗೆ ಮಂಡ್ಯದಲ್ಲಿ ನಾಲ್ಕು ಜನ ಮನೆಮಂದಿ ಊಟ ಮಾಡಬಹುದು. ನಾನು ಹೇಳುತ್ತಿರುವುದು ರಿಟೈರಾದ ಪೋಸ್ಟ್‌ಮ್ಯಾನ್ ಹೋಗಿ ಕೂರುವ ಜಾಗದ ಬಗ್ಗೆ.

ಇಲ್ಲಿನವರು ಹುಟ್ಟಿನಿಂದಲೇ ಇಷ್ಟು ದೊಡ್ಡ ಮನಸ್ಸಿನವರು ಅಂತಲೂ ತಿಳಿಯಬೇಡಿ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಎಲ್ ವಿನೋ ಅನ್ನುವ ವೈನ್ ಬಾರಿನಲ್ಲಿ ಹೆಂಗಸರು ಕೌಂಟರ್ ಮುಂದೆ ನಿಂತು ಕುಡಿಯುವ ಹಾಗಿರಲಿಲ್ಲ, ಹಿಂದಿನ ಕೋಣೆಗೆ ಹೋಗಿ ಕೂರಬೇಕಿತ್ತು. ಅದು ತಪ್ಪು ಅಂತ ಕೋರ್ಟಿನಿಂದ ಹೇಳಿಸಲು 1982ರವರೆಗೆ ಬಡಿದಾಡಬೇಕಾಯಿತು. ಅಂದರೆ ಇಲ್ಲೂ ಒಂದು ಥರದ ಫ್ಯಾಮಿಲಿ ರೂಮ್ ಇತ್ತು. ನಮ್ಮ ಬಣ್ಣದವರ ಕತೆ ಇನ್ನೂ ಕೆಟ್ಟದ್ದು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನ ಫೌಂಡ್ರಿಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಅಲ್ಲಿನ ಕೆಲವು ಪಬ್‌ಗಳು ಒಂದು ಕೋಣೆಗೆ ಬಿಟ್ಟರೆ ಇನ್ನೊಂದಕ್ಕೆ ಬಿಡುತ್ತಿರಲಿಲ್ಲ. 1965ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ಹಕ್ಕಿಗೆ ಹೋರಾಡುತ್ತಿದ್ದ ಮಾಲ್ಕಂ ಎಕ್ಸ್ ಆ ಊರಿಗೇ ಬಂದು ಇದನ್ನು ಕಣ್ಣಾರೆ ನೋಡಿ ಹೋದರು. ಅದೇ ವರ್ಷ ಹೀಗೆ ತಡೆಯುವುದು ಕಾನೂನಿಗೆ ವಿರುದ್ಧವಾಯಿತು. ಈಗ ಆ ಕಡೆಯ ಎಷ್ಟೋ ಪಬ್‌ಗಳ ಮಾಲೀಕರೇ ಪಂಜಾಬಿಗಳು, ದೇಸಿ ಪಬ್ ಅಂತಲೇ ಹೆಸರು, ಬಿಸಿ ತವಾದ ಮೇಲೆ ಚುರ್ ಅನ್ನುತ್ತಾ ಮಿಕ್ಸ್‌ಡ್ ಗ್ರಿಲ್ ಬರುತ್ತದೆ, ಬಿಳಿಯರು ಸಾಲು ಹಚ್ಚಿ ತಿನ್ನುತ್ತಾರೆ. ಇಂದಿಗೂ ಸಣ್ಣ ಊರಿನ ಪಬ್ ಬಾಗಿಲು ತೆಗೆದರೆ ಕೆಲವು ಸಲ ಎಲ್ಲ ತಲೆಗಳೂ ತಿರುಗುತ್ತವೆ. ಹೆಚ್ಚಿನ ಸಲ ಅದು ಬಣ್ಣಕ್ಕಲ್ಲ, ಪರಿಚಯದವರೋ ಅಂತ ನೋಡುವುದಕ್ಕೆ. ಕೆಲವು ಸಲ ಬಣ್ಣಕ್ಕೇ. ಹಾಗನಿಸಿದರೆ ಇನ್ನೊಂದು ಪಬ್ ಇರುತ್ತೆ, ಅಲ್ಲಿಗೆ ಹೋಗಿ.

ಬಿಯರ್ ಬಗ್ಗೆ ಒಂದು ಮಾತು. ‘ಅಯ್ಯೋ ಇಲ್ಲಿ ಬಿಯರ್ ಬೆಚ್ಚಗಿರುತ್ತೆ’ ಅನ್ನುವುದು ನಮ್ಮವರ ಹಳೇ ದೂರು. ಬೆಚ್ಚಗಲ್ಲ, ನೆಲಮಾಳಿಗೆಯ ತಂಪು, 11ರಿಂದ 13 ಡಿಗ್ರಿ. ಕ್ಯಾಸ್ಕ್ ಏಲ್ ಅನ್ನುವುದು ಪೀಪಾಯಿಯೊಳಗೆ ಇನ್ನೂ ಜೀವ ಇರುವ ಬಿಯರ್. ಅದರ ಕೊನೆಯ ಹುದುಗು ಆಗುವುದು ಪಬ್‌ನ ನೆಲಮಾಳಿಗೆಯಲ್ಲೇ, ಮೇಲಕ್ಕೆ ಬರುವುದು ಕೈಯಲ್ಲಿ ಪಂಪಿನ ಹಿಡಿ ಎಳೆದರೆ. ತೆರೆದ ಮೂರು ದಿನದೊಳಗೆ ಖರ್ಚಾಗದಿದ್ದರೆ ಹುಳಿ ಬರುತ್ತದೆ, ಆದ್ದರಿಂದ ಜನ ಬರುವ ಪಬ್‌ನಲ್ಲೇ ಅದು ಚೆನ್ನಾಗಿರುವುದು. ದೊಡ್ಡ ಕಂಪನಿಗಳು ಇದನ್ನು ಮೂಲೆಗೆ ತಳ್ಳುತ್ತಿದ್ದಾಗ 1971ರಲ್ಲಿ ಕ್ಯಾಮ್ರಾ ಅಂತ ಸಂಘ ಕಟ್ಟಿ ಉಳಿಸಿಕೊಂಡರು. ಯಾರ್ಕ್‌ಶೈರಿನಲ್ಲಿ ನಳಿಕೆಯ ತುದಿಗೆ ಸಣ್ಣ ತೂತುಗಳ ಒಂದು ಬಿಲ್ಲೆ ಹಾಕಿ ಮೇಲೆ ದಪ್ಪ ನೊರೆ ಬರಿಸುತ್ತಾರೆ. ದಕ್ಷಿಣದವರಿಗೆ ಅದು ಕಂಡರಾಗದು. ಯಾವುದು ಸರಿ ಅಂತ ಇವರು ಗಂಟೆಗಟ್ಟಲೆ ಜಗಳ ಆಡಬಲ್ಲರು, ನಾನು ಯಾರ್ಕ್‌ಶೈರಿನ ಪಕ್ಷ. ಯಾವುದು ಬೇಕು ಗೊತ್ತಾಗದಿದ್ದರೆ ಕೇಳಿ, ಒಂದು ಗುಟುಕು ರುಚಿ ನೋಡಲು ಕೊಡುತ್ತಾರೆ.

ಕೌಂಟರ್ ಮುಂದೆ ಕ್ಯೂ ಕಾಣುವುದಿಲ್ಲ, ಆದರೆ ಇದೆ. ಯಾರು ಮೊದಲು ಬಂದವರು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಕೈ ಬೀಸಿ ‘ಬಾಸ್’ ಅಂದರೆ ನಿಮ್ಮ ಸರದಿ ಕೊನೆಗೆ ಹೋಗುತ್ತೆ ಅಷ್ಟೆ. ಇನ್ನು ರೌಂಡ್ ಲೆಕ್ಕ. ನಮ್ಮಲ್ಲಿ ಕೊನೆಗೆ ಬಿಲ್ಲು ಬಂದಾಗ ‘ನಾನ್ ಕೊಡ್ತೀನಿ ಬಿಡೋ’ ಅಂತ ಕೈ ಹಿಡಿದು ಎಳೆದಾಡುತ್ತೇವೆ, ಒಬ್ಬ ಕೊಡುತ್ತಾನೆ, ಉಳಿದವರು ಮುಂದಿನ ಸಲ ಅನ್ನುತ್ತಾರೆ, ಮುಂದಿನ ಸಲ ಯಾವಾಗಲೋ. ಇಲ್ಲಿ ಒಬ್ಬೊಬ್ಬರದೂ ಒಂದೊಂದು ಸುತ್ತು, ಕೊಡದೆ ಜಾರಿಕೊಂಡವನ ಹೆಸರು ವರ್ಷಗಟ್ಟಲೆ ನೆನಪಿರುತ್ತದೆ. ಲೆಕ್ಕ ಚೊಕ್ಕ, ಆದರೆ ನಾಲ್ವರಿದ್ದರೆ ಬೇಡವಾದರೂ ನಾಲ್ಕು ಪೈಂಟ್ ಹೊಟ್ಟೆಗೆ ಹೋಗುತ್ತದೆ. ನನಗೆ ನಮ್ಮ ಎಳೆದಾಟವೇ ವಾಸಿ.

ಈಗ ಮಾರ್ಸ್‌ಡೆನ್. ಹಡರ್ಸ್‌ಫೀಲ್ಡ್ ದಾಟಿ, ಬೆಟ್ಟದೊಳಗೆ ರೈಲು ನುಗ್ಗುವ ಮುಂಚಿನ ಊರು. ಪಕ್ಕದಲ್ಲೇ ಸ್ಟ್ಯಾಂಡೆಜ್ ಕಾಲುವೆ ಸುರಂಗದ ಬಾಯಿ. 1811ರಲ್ಲಿ ತೆರೆದದ್ದು, 5 ಕಿಲೋಮೀಟರಿಗೂ ಜಾಸ್ತಿ ಉದ್ದ. ದೋಣಿ ಎಳೆಯುವ ಕುದುರೆಗೆ ಒಳಗೆ ದಾರಿ ಬಿಟ್ಟಿರಲಿಲ್ಲ, ಹಾಗಾಗಿ ಕುದುರೆಗಳು ಬೆಟ್ಟದ ಮೇಲೆ ನಡೆದು ಹೋಗುತ್ತಿದ್ದವು. ಆಳುಗಳು ದೋಣಿಯ ಹಲಗೆ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲಿನಿಂದ ಒದ್ದು ಒದ್ದು, ಗಂಟೆಗಟ್ಟಲೆ ಕತ್ತಲಲ್ಲಿ ದೋಣಿಯನ್ನು ತಳ್ಳುತ್ತಿದ್ದರು. ಅದೇ ಬೆಟ್ಟದ ಜೌಗಿನ ಮೇಲೆ, ಕಾಲುವೆಗೂ ಮುಂಚೆ ರಸ್ತೆ ಹಾಕಿದವನು ಜಾನ್ ಮೆಟ್‌ಕಾಫ್. ಸಿಡುಬು ಬಂದು ಆರನೇ ವಯಸ್ಸಿಗೇ ಕಣ್ಣು ಕಳೆದುಕೊಂಡವನು. ಕೆಸರಲ್ಲಿ ರಸ್ತೆ ನಿಲ್ಲುವುದಿಲ್ಲ ಅಂತ ಜನ ನಗುತ್ತಿದ್ದಾಗ ಕುರುಚಲು ಗಿಡದ ಕಟ್ಟುಗಳನ್ನು ಸಾಲಾಗಿ ಹಾಸಿ, ಅದರ ಮೇಲೆ ಕಲ್ಲು ಸುರಿದು ನಿಲ್ಲಿಸಿದ. ಅವನ ಊರು ನೇರ್ಸ್‌ಬರೋ, ಲೀಡ್ಸ್‌ನಿಂದ ಹ್ಯಾರೊಗೇಟ್ ಮೇಲೆ ಯಾರ್ಕ್‌ಗೆ ಹೋಗುವ ಇನ್ನೊಂದು ಲೈನಿನಲ್ಲಿದೆ. ನದಿ ಮೇಲಿನ ಕಲ್ಲಿನ ಸೇತುವೆ ದಾಟಿದರೆ ಸ್ಟೇಷನ್. ಅದು ಎರಡನೇ ಸೇತುವೆ. ಮೊದಲನೆಯದು ಮುಗಿಯುವ ಹೊತ್ತಿಗೆ, 1848ರಲ್ಲಿ, ಹೊಳೆಗೆ ಬಿತ್ತು. ಮೇಲೆ ಹತ್ತಿ ಹೋದರೆ ಸಂತೆ ಚೌಕದಲ್ಲಿ ಮೆಟ್‌ಕಾಫ್ ಬೆಂಚಿನ ಮೇಲೆ ಕಂಚಾಗಿ ಕೂತಿದ್ದಾನೆ, ಅಲ್ಲೇ ಅವನ ಅಡ್ಡಹೆಸರಿನ ಬ್ಲೈಂಡ್ ಜ್ಯಾಕ್ಸ್ ಪಬ್ಬೂ ಇದೆ. ಬೇರೊಬ್ಬನ ಜೊತೆ ಮದುವೆ ಗೊತ್ತಾಗಿದ್ದ ಹುಡುಗಿಯನ್ನು ಮದುವೆಯ ಹಿಂದಿನ ರಾತ್ರಿ ಓಡಿಸಿಕೊಂಡು ಬಂದ ಆಸಾಮಿ ಅವನು. ಪಿಟೀಲು ಬೇರೆ ನುಡಿಸುತ್ತಿದ್ದ.

ಇದೆಲ್ಲ ಕಾರಿನಲ್ಲಿ ಹೋದರೂ ನೋಡಬಹುದು ಅನ್ನುತ್ತೀರಿ. ನೋಡಬಹುದು, ಆದರೆ ಒಬ್ಬರು ಗ್ಲಾಸ್ ಮುಟ್ಟುವ ಹಾಗಿಲ್ಲ. ಇಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ 100 ಎಂಎಲ್‌ಗೆ 80 ಮಿಲಿಗ್ರಾಂ ಆಲ್ಕೋಹಾಲ್‌ವರೆಗೆ ನಡೆಯುತ್ತೆ, ನಮ್ಮಲ್ಲಿ 30 ಅಷ್ಟೆ. ಈ ವಿಷಯದಲ್ಲಿ ನಮ್ಮ ಕಾನೂನೇ ಸರಿ, ಪಾಲಿಸುವವರ ಮಾತು ಬೇರೆ.

ರೈಲು ದುಬಾರಿ ಅನ್ನುವುದನ್ನು ಒಪ್ಪುತ್ತೇನೆ, ಮಂಡ್ಯದಿಂದ ಬೆಂಗಳೂರಿಗೆ ಪ್ಯಾಸೆಂಜರಿನಲ್ಲಿ ಓಡಾಡಿದವನಿಗೆ ಇಲ್ಲಿನ ಟಿಕೆಟ್ ದರ ನೋಡಿದರೆ ಹೊಟ್ಟೆ ಉರಿಯುತ್ತೆ. ಇಬ್ಬರು ಯಾವಾಗಲೂ ಜೊತೆಗೇ ಹೋಗುವುದಾದರೆ ಟೂ ಟುಗೆದರ್ ರೈಲ್‌ಕಾರ್ಡ್ ಮಾಡಿಸಿ, ಮೂರರಲ್ಲೊಂದು ಭಾಗ ಉಳಿಯುತ್ತೆ. ಅಡ್ವಾನ್ಸ್ ಟಿಕೆಟ್ ಅಗ್ಗ ಅಂತ ಕೊಂಡರೆ ಮಧ್ಯೆ ಇಳಿಯುವ ಹಾಗಿಲ್ಲ, ಹೇಳಿದ ರೈಲನ್ನೇ ಹತ್ತಬೇಕು. ಆಫ್-ಪೀಕ್ ರಿಟರ್ನ್, ಅಂದರೆ ಜನದಟ್ಟಣೆ ಇಲ್ಲದ ಹೊತ್ತಿನ ಹೋಗಿಬರುವ ಟಿಕೆಟ್ ಆದರೆ ಸಾಮಾನ್ಯವಾಗಿ ದಾರಿಯಲ್ಲಿ ಬೇಕಾದ ಊರಲ್ಲಿ ಇಳಿದು ಹತ್ತಬಹುದು, ನಮ್ಮ ಕೆಲಸಕ್ಕೆ ಅದೇ ಬೇಕು. ಊಟದ ಹೊತ್ತು ನೋಡಿಕೊಳ್ಳಿ, ಮಧ್ಯಾಹ್ನ ಎರಡೂವರೆಗೆ ಅಡಿಗೆಮನೆ ಮುಚ್ಚುವ ಕಡೆ ಮೂರಕ್ಕೆ ಹೋಗಿ ‘ಏನಿದೆ’ ಅಂದರೆ ಚಿಪ್ಸ್ ಪ್ಯಾಕೆಟ್ ಕೈಗೆ ಬರುತ್ತೆ.

ಶನಿವಾರ ಮಾತ್ರ ಈ ಪೆನೈನ್ ಲೈನಿನ ಕಡೆ ತಲೆ ಹಾಕಬೇಡಿ. 2009ರಲ್ಲಿ ಬಿಬಿಸಿ ಟಿವಿಯಲ್ಲಿ ಈ ಸ್ಟೇಷನ್ ಪಬ್‌ಗಳನ್ನು ತೋರಿಸಿದ್ದೇ ತಡ, ಮದುವೆಗೆ ಮುಂಚಿನ ಗಂಡುಗಳ ಪಾರ್ಟಿಗಳು ಬಣ್ಣಬಣ್ಣದ ವೇಷ ಹಾಕಿಕೊಂಡು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ದಂಡೆತ್ತಿ ಬರಲು ಶುರುವಾಯಿತು. ಊರಿನವರು ರೋಸಿಹೋಗಿ, ಕೆಲವು ಪಬ್‌ಗಳು ವಾರಾಂತ್ಯದಲ್ಲಿ ಲಾಗರ್ ಬಿಯರ್, ಒಂದೇ ಗುಟುಕಿಗೆ ಇಳಿಸುವ ಶಾಟ್‌ಗಳನ್ನು ಮಾರುವುದನ್ನೇ ನಿಲ್ಲಿಸಿದವು. ಭಾನುವಾರವೂ ಹೊರಡುವ ಮುನ್ನ ಫೋನಿನಲ್ಲಿ ಒಮ್ಮೆ ನೋಡಿ, ಈ ದಾರಿಯಲ್ಲಿ ಹಳಿ ಸುಧಾರಣೆ ಕೆಲಸ ಮುಗಿಯುವ ಹಾಗೆ ಕಾಣುತ್ತಿಲ್ಲ. ರೈಲಿನ ಬದಲು ಬಸ್ ಅಂತಿದ್ದರೆ ಸುಮ್ನೆ ಮನೆಯಲ್ಲಿರಿ. ಮಂಗಳವಾರ ರಜೆ ಹಾಕಿ, ಹತ್ತೂವರೆ ರೈಲು ಹತ್ತಿ.