ಜೋನ್ಸ್ ನಂಬರ್ 593

ವಿಕ್ಟೋರಿಯಾ ರಾಣಿಯ 24ನೇ ಪಲ್ಟನ್ನಿನಲ್ಲಿ ಜೋನ್ಸ್‌ಗಳಿಗೆ ಬರವಿರಲಿಲ್ಲ. ‘ಜೋನ್ಸ್’ ಅಂತ ಒಮ್ಮೆ ಕೂಗಿದರೆ ಯಾರು ತಿರುಗಿ ನೋಡಬೇಕು? ಅದಕ್ಕೇ ನಂಬರ್ ಹಾಕಿದರು. ವಿಲಿಯಂ ಅಂದರೆ 593 ಜೋನ್ಸ್, ರಾಬರ್ಟ್ ಅಂದರೆ 716 ಜೋನ್ಸ್.

1879ರ ಜನವರಿ 22. ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್, ಬ್ರಿಟಿಷ್ ಸೇನೆಯ ಪುಟ್ಟ ಠಾಣೆ. ಸುಮಾರು 150 ಜನ ಒಳಗೆ, ಮೂರು ಸಾವಿರಕ್ಕೂ ಜಾಸ್ತಿ ಜುಲು ಯೋಧರು ಹೊರಗೆ. ಆಸ್ಪತ್ರೆಯ ಒಂದು ಕೋಣೆಯನ್ನು ಈ ಇಬ್ಬರು ಜೋನ್ಸ್‌ಗಳು ಕಾದರು. ಏಳು ರೋಗಿಗಳಲ್ಲಿ ಆರು ಜನರನ್ನು ಆಚೆ ಸಾಗಿಸಿದರು. ಏಳನೆಯವನು ಸಾರ್ಜೆಂಟ್ ಮ್ಯಾಕ್ಸ್‌ಫೀಲ್ಡ್. ಜ್ವರ ನೆತ್ತಿಗೇರಿ ಬಡಬಡಿಸುತ್ತಿದ್ದ. ಬಟ್ಟೆ ತೊಡಿಸಿ ಎಷ್ಟು ಗೋಗರೆದರೂ ಏಳಲಿಲ್ಲ. ಇನ್ನೊಮ್ಮೆ ನೋಡೋಣ ಅಂತ 716 ವಾಪಸ್ ಹೋದಾಗ ಅವನನ್ನು ಹಾಸಿಗೆಯಲ್ಲೇ ಇರಿಯುತ್ತಿದ್ದರು.

ಇಬ್ಬರಿಗೂ ಬ್ರಿಟಿಷ್ ಸೇನೆಯ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಜೊತೆಗೆ ವರ್ಷಕ್ಕೆ 10 ಪೌಂಡ್. ಜುಟ್ಟಿಗೆ ಮಲ್ಲಿಗೆ ಆಯ್ತು, ಹೊಟ್ಟೆಗೆ ಹಿಟ್ಟಿನ ಮಾತು ಆಮೇಲೆ! 593ಗೆ ಕೀಲುನೋವು ಹಿಡಿಯಿತು. 1880ರಲ್ಲಿ ಸೇನೆ ಮನೆಗೆ ಕಳಿಸಿತು. ಹೊಟ್ಟೆಪಾಡಿಗೆ ಸ್ಟೇಜ್ ಹತ್ತಿದ. ಆ ರಾತ್ರಿಯ ಕಥೆಯನ್ನು ಥಿಯೇಟರುಗಳಲ್ಲಿ ನಿಂತು ಹೇಳಿದ. ಬಫಲೋ ಬಿಲ್‌ನ ವೈಲ್ಡ್ ವೆಸ್ಟ್ ಎಂಬ ಅಮೆರಿಕದ ಕೌಬಾಯ್ ಷೋದಲ್ಲೂ ಕಾಣಿಸಿಕೊಂಡ. ಜುಲುಗಳ ನೆಲಕ್ಕೆ ಮೊದಲು ನುಗ್ಗಿದ್ದು ಯಾರು ಅಂತ ಟಿಕೆಟ್ ಕೊಂಡವರು ಯಾಕೆ ಕೇಳ್ತಾರೆ, ಬಿಡಿ.

ಹುಟ್ಟಿನಿಂದ ಸ್ಟೇಜಿನವರ ಲೆಕ್ಕವೇ ಬೇರೆ. ಅವರು ನಂಬರ್ ಹಾಕಿಸಿಕೊಳ್ಳುವವರಲ್ಲ, ಹೆಸರನ್ನೇ ಬದಲಿಸುವವರು. ಸಿಪಾಯಿ ವೇಷದಲ್ಲಿ ಮಿಂಚಿದ ಹಾಡುಗಾರ್ತಿ ವೆಸ್ಟಾ ಟಿಲ್ಲಿಯ ನಿಜವಾದ ಮನೆಹೆಸರು ಪೌಲ್ಸ್. ಇನ್ನೊಬ್ಬ ಹಾಡುಗಾರ್ತಿ ಮೇರಿ ಲಾಯ್ಡ್‌ಳದು ವುಡ್. ಅಪ್ಪ ಕೃತಕ ಹೂ ಮಾಡುತ್ತಿದ್ದ. ಜುಲು ಯುದ್ಧದಲ್ಲೇ ದಂಡು ನಡೆಸಿದ ಈವ್ಲಿನ್ ವುಡ್ ಕೂಡ ವಿಕ್ಟೋರಿಯಾ ಕ್ರಾಸ್ ಪಡೆದವನೇ. ಆ ವುಡ್ ಫೀಲ್ಡ್ ಮಾರ್ಷಲ್ ಆದ. ಈ ವುಡ್ ಹೆಸರು ಬಿಟ್ಟು ಮ್ಯೂಸಿಕ್ ಹಾಲಿನ, ಅಂದರೆ ಹಾಡು-ಹಾಸ್ಯದ ಥಿಯೇಟರುಗಳ, ಮಹಾರಾಣಿಯಾದಳು. ಆಫೀಸರ್ ಆಗಬೇಕು, ಇಲ್ಲವೇ ಹಾಡಬೇಕು. ಬರೀ ಸಿಪಾಯಿ ಆದರೆ ಕಷ್ಟ.

ಎಲ್ಲರಿಗಿಂತ ಜಾಣ, ಅದೇ ಮ್ಯೂಸಿಕ್ ಹಾಲಿನ ಹಾಡುಗಾರ ಮ್ಯಾಕ್‌ಡರ್ಮಟ್. ಅಸಲಿ ಹೆಸರು ಫ್ಯಾರೆಲ್. ರಷ್ಯಾದ ಮೇಲೆ ಯುದ್ಧಕ್ಕೆ ಹೋಗೋಣ ಅಂತ ಜನ ಕುಣಿಯುತ್ತಿದ್ದಾಗ ಹಾಡಿಯೇ ಹೆಸರು ಮಾಡಿದ. ಹಡಗಿದೆ, ಜನ ಇದ್ದಾರೆ, ದುಡ್ಡೂ ಇದೆ ಅನ್ನೋದು ಹಾಡಿನ ಸಾರ. ಆ ಯುದ್ಧ ನಡೆಯಲೇ ಇಲ್ಲ. ಹಾಡು ಮಾತ್ರ ಭರ್ಜರಿಯಾಗಿ ಓಡಿತು.

ದುಡ್ಡಿದ್ದ ಅದೇ ದೇಶದಲ್ಲಿ 1893ರಲ್ಲಿ 593 ಜೋನ್ಸ್ ಪದಕವನ್ನು ಗಿರವಿ ಇಟ್ಟ. ಬಂಗಾರವಲ್ಲ, ಕಂಚು, ಗಿರವಿ ಅಂಗಡಿಯವನ ತಕ್ಕಡಿಗೆ ಎಷ್ಟು ತೂಗೀತು? ವಯಸ್ಸಾದ ಮೇಲೆ ಜುಲುಗಳು ಬಂದರು ಅಂತ ರಾತ್ರಿ ಎದ್ದು, ಮಲಗಿದ್ದ ಮೊಮ್ಮಗಳನ್ನು ಎತ್ತಿಕೊಂಡು ಓಡುತ್ತಿದ್ದನಂತೆ. ಆ ಆಟಕ್ಕೆ ಟಿಕೆಟ್ ಇರಲಿಲ್ಲ. 1913ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬಡವರ ಗುಂಡಿಗೆ ಹಾಕಿದರು.

716 ಅಷ್ಟು ಕಾಲ ಕಾಯಲಿಲ್ಲ. 1898ರಲ್ಲಿ ಗುಂಡು ಹೊಡೆದುಕೊಂಡು ಸತ್ತ. ಆತ್ಮಹತ್ಯೆ ಅಲ್ವಾ, ಚರ್ಚಿಗೆ ಮೈಲಿಗೆ. ಪೀಟರ್‌ಚರ್ಚ್ ಊರಿನವರು ಶವಪೆಟ್ಟಿಗೆಯನ್ನು ಗೇಟಿನಿಂದ ತರದೆ ಕಾಂಪೌಂಡ್ ಗೋಡೆ ದಾಟಿಸಿ ಒಳಗಿಳಿಸಿದರಂತೆ.