ಅತ್ತೆ ಗುಡಿಸಿದ ಗ್ಯಾಲರಿ

ನಮ್ಮ ಮನೆಯ ಫೋಟೋಗಳೆಲ್ಲ ಒಂದೇ ಗೂಗಲ್ ಖಾತೆಯಲ್ಲಿವೆ. ಖಾತೆ ನನ್ನ ಗಂಡನದು, ಕಾರುಬಾರು ಸಾಗರದಲ್ಲಿರುವ ಅತ್ತೆಯದು. ಇದು ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ. ಅತ್ತೆಗೆ ಹೊಸ ಫೋನ್ ಕೊಡಿಸಿದ ದಿನ ನಮಗೆ ಮೈಸೂರು ಬಸ್ಸಿಗೆ ಹೊತ್ತಾಗಿತ್ತು. "ಅಮ್ಮನಿಗೆ ಬೇರೆ ಇಮೇಲು, ಪಾಸ್‌ವರ್ಡು ಎಲ್ಲ ಯಾಕೆ, ಸದ್ಯಕ್ಕೆ ನಂದೇ ಹಾಕಿರ್ತೀನಿ" ಅಂದರು ಇವರು. ಇವರು 'ಸದ್ಯಕ್ಕೆ' ಅಂತ ಮಾಡಿದ ಯಾವ ಕೆಲಸವೂ, ಬಚ್ಚಲ ಬಾಗಿಲಿಗೆ ಚಿಲಕದ ಬದಲು ಕಟ್ಟಿದ ಹಗ್ಗವೂ ಸೇರಿ, ಇವತ್ತಿನವರೆಗೆ ಬದಲಾಗಿಲ್ಲ.

ಆ ಊರಿಗೆ ಫೈಬರ್ ಬರುವ ತನಕ ಏನೂ ಆಗಲಿಲ್ಲ. ವೈಫೈ ಇದ್ದರೆ ಮಾತ್ರ ಬ್ಯಾಕಪ್ ಎಂಬ ಸೆಟ್ಟಿಂಗು, ವೈಫೈ ಇಲ್ಲದ ಮನೆ. ಫೈಬರ್ ಬಂದದ್ದೇ ತಡ, ಅತ್ತೆಯ ಫೋನಿನಲ್ಲಿದ್ದದ್ದೆಲ್ಲ ಇವರ ಫೋನಿನಲ್ಲಿ ಪ್ರತ್ಯಕ್ಷ. ಅಂಗಳದಲ್ಲಿ ಒಣಗುತ್ತಿರುವ ಹಲಸಿನ ಹಪ್ಪಳ. ಅದೇ ಹಪ್ಪಳ, ಮಗುಚಿ ಹಾಕಿದ ಮೇಲೆ. ಬಿ.ಪಿ. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ. ಗ್ಯಾಸಿನ ಪುಸ್ತಕ. ಯಾರದೋ ಮದುವೆಯ ಮುಂದೆ ಅತ್ತೆಯ ಹೆಬ್ಬೆರಳು. ವಾಟ್ಸಾಪ್ ಫೋಲ್ಡರೂ ಬ್ಯಾಕಪ್ ಆಗಲೇ ಎಂದು ಫೋನು ಕೇಳಿದಾಗ, ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನದ ಹಾಗೆ ಅತ್ತೆ ಹೂಂ ಒತ್ತಿದ್ದರಂತೆ. ಹಾಗಾಗಿ ಕಾಫಿ ಕಪ್ಪು, ಗುಲಾಬಿ, ಸೂರ್ಯ ಮೂರೂ ಇರುವ ಶುಭೋದಯಗಳು ದಂಡಿದಂಡಿಯಾಗಿ ಬಂದವು.

2015ರಲ್ಲಿ ಗೂಗಲ್ ಫೋಟೋಸ್ ಶುರುವಾದಾಗ ಹೈ ಕ್ವಾಲಿಟಿಯಲ್ಲಿ ಎಷ್ಟು ಬೇಕಾದರೂ ಬಿಟ್ಟಿಯಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಹೊಸದಾಗಿ ಏರಿಸುವ ಎಲ್ಲವೂ ಖಾತೆಗೆ ಬಿಟ್ಟಿಯಾಗಿ ಸಿಗುವ 15 ಜಿಬಿ ಜಾಗದ ಲೆಕ್ಕಕ್ಕೆ. ಆ 15 ಜಿಬಿಯಲ್ಲೇ ಜಿಮೇಲೂ ಇರಬೇಕು. ಜಾಗ ತುಂಬಿದರೆ ಹೊಸ ಫೋಟೋ ಏರುವುದಿಲ್ಲ, ಮೇಲ್ ಬರುವುದಿಲ್ಲ. ಮಗನ ಶಾಲೆಯಿಂದ "ನಿಮಗೆ ಕಳಿಸಿದ ಮೇಲ್ ವಾಪಸ್ ಬರ್ತಿದೆ" ಎಂದು ಫೋನ್ ಬಂತು. ಶಾಲೆಯವರಿಗೆ ಹಪ್ಪಳದ ವಿಚಾರ ಹೇಳುವುದು ಹೇಗೆ?

ಇವರು ಊರಿಗೆ ಫೋನ್ ಮಾಡಿ ಪಾಠ ಶುರು ಮಾಡಿದರು. "ಅಮ್ಮಾ, ಫ್ರೀ ಅಪ್ ಸ್ಪೇಸ್ ಅಂತಿರತ್ತೆ, ಅದನ್ನ ಒತ್ತಿದ್ರೆ ನಿನ್ನ ಫೋನಿಂದ ಮಾತ್ರ ಹೋಗತ್ತೆ, ಖಾತೆಯಲ್ಲಿ ಭದ್ರವಾಗಿರತ್ತೆ. ಆಮೇಲೆ ಬೇಡದ ಫೋಟೋ ಇದ್ರೆ ಕಸದ ಬುಟ್ಟಿ ಚಿತ್ರ ಒತ್ತು." ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದು ಇವರ ಜಾಣತನ. ಬುಟ್ಟಿ ಒತ್ತಿದರೂ ತನ್ನ ಫೋನಿಂದ ಮಾತ್ರ ಹೋಗುತ್ತದೆ ಎಂದು ಅತ್ತೆ ನಂಬಿದರು. ಆದರೆ ಬುಟ್ಟಿಗೆ ಹೋದದ್ದು ಆ ಖಾತೆ ಇರುವ ಎಲ್ಲ ಫೋನಿಂದಲೂ ಹೋದಂತೆ.

ಅತ್ತೆ ಕೆಲಸಕ್ಕೆ ಕೂತರೆ ಅರ್ಧಕ್ಕೆ ಏಳುವವರಲ್ಲ. ಹಪ್ಪಳ ಉಳಿಯಿತು, ಮಾತ್ರೆ ಉಳಿಯಿತು, ಶುಭೋದಯಗಳಂತೂ ದೇವರ ಪಟವಿದೆಯೆಂದು ಪೂರ್ತಿ ಉಳಿದವು. ಹೋದದ್ದು ನಮ್ಮ ಹಂಪಿ. ಕಲ್ಲಿನ ರಥವನ್ನು ಇವರು ನೆಲಕ್ಕೆ ಮಲಗಿ, ಬಂಡೆ ಹತ್ತಿ, ನನ್ನನ್ನು ಬಿಸಿಲಲ್ಲಿ ಕಾಯಿಸಿ ತೆಗೆದ ಫೋಟೋಗಳು.

"ಅಲ್ಲ ಮಾರಾಯ್ತಿ, ಒಂದರಲ್ಲೂ ಜನ ಇಲ್ಲ, ಬರೀ ಕಲ್ಲು. ಐವತ್ತರ ನೋಟಿನ ಹಿಂದೆ ಅದೇ ರಥ ಇದ್ಯಲೆ, ಮತ್ತೆ ಅಷ್ಟೊಂದು ಯಾಕೆ?" ಅಂದರು ಅತ್ತೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಮದುವೆಯಾದಾಗಿನಿಂದ ನಾನು ಹೇಳಬೇಕೆಂದಿದ್ದನ್ನು ಹೆತ್ತ ತಾಯಿಯೇ ಹೇಳಿದ್ದರು.

ಅಲ್ಲಿಗೂ ನಿಲ್ಲಲಿಲ್ಲ. ಆ್ಯಪು ಆಗಾಗ ಎರಡು ಮುಖ ತೋರಿಸಿ, ಇಬ್ಬರೂ ಒಂದೇ ವ್ಯಕ್ತಿಯೇ ಎಂದು ಕೇಳುತ್ತದೆ. ನನ್ನ ಮಗನ ಫೋಟೋ, ಪಕ್ಕದಲ್ಲಿ ಹಳೇ ಆಲ್ಬಮ್ಮಿನಿಂದ ತೆಗೆದ ಇವರ ಬಾಲ್ಯದ ಫೋಟೋ. ಅತ್ತೆ ಕನ್ನಡಕ ಏರಿಸಿ ನೋಡಿ, "ಪಡಿಯಚ್ಚು ಅವನೇ" ಎಂದು ಹೌದು ಒತ್ತಿದರು. ಈಗ ಮಗನ ಹೆಸರು ಹಾಕಿ ಹುಡುಕಿದರೆ ತೊಟ್ಟಿಲಲ್ಲಿರುವ ಗಂಡ ಬರುತ್ತಾರೆ.

ಬ್ಯಾಕಪ್ ಆದ ಫೋಟೋ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಇವರು ಒಂದು ರಾತ್ರಿ ಕೂತು ರಥವನ್ನು ಹಿಂದಕ್ಕೆಳೆದರು. ಬೆಳಗ್ಗೆ ಅತ್ತೆಯ ಫೋನ್: "ಮಗಾ, ನಿನ್ನೆ ಎಲ್ಲ ಗುಡಿಸಿ ಮಲಗಿದ್ದೆ, ಎದ್ದು ನೋಡಿದ್ರೆ ಕಲ್ಲೆಲ್ಲ ವಾಪಸ್ ಬಂದು ಕೂತಿದೆ. ಏನೋ ವೈರಸ್ಸು ಇರ್ಬೇಕು. ಮತ್ತೆ ಅಳಿಸ್ಲಾ?"

ಆ ವಾರವೇ ಊರಿಗೆ ಹೋಗಿ ಅತ್ತೆಗೆ ಬೇರೆ ಖಾತೆ ಮಾಡಿಕೊಟ್ಟೆವು. ಪಾಸ್‌ವರ್ಡನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಬರೆಯಬೇಡಿ ಎಂದೆ. ಮುಂದೆ ಬರೆದಿದ್ದಾರೆ. ಹೊರಡುವಾಗ ಹಪ್ಪಳದ ಕಟ್ಟು ನನ್ನ ಕೈಗಿಟ್ಟು ಇವರಿಗೆ ಹೇಳಿದರು: "ನನ್ನದ್ರಲ್ಲಿ ಹದಿನೈದು ಪೂರ್ತಿ ಖಾಲಿ ಇದೆ. ನಿಮ್ಮದು ತುಂಬಿದ್ರೆ ಕಳ್ಸಿ, ಇಟ್ಕೊಳ್ತೀನಿ. ಕಲ್ಲು ಮಾತ್ರ ಬೇಡ."